ಬಸುರಿ ಶುಗರ್ ಮತ್ತು ನಮ್ಮ ಮನೆಯ ರಾತ್ರಿ ಊಟ

28ನೇ ವಾರದಲ್ಲಿ ಗ್ಲೂಕೋಸ್ ಕುಡಿಸಿ ನೋಡಿದಾಗ ಎರಡು ಗಂಟೆಗೆ ರಕ್ತದ ಶುಗರ್ 163 ಬಂತು. ಬಸುರಿಯಲ್ಲಿ ಬರುವ ಶುಗರ್ ಅಂತ ಗೊತ್ತಾಯಿತು. ನನ್ನದು ಎರಡನೇ ಬಸಿರು. ಮೊದಲನೆಯದರಲ್ಲಿ ಇದರ ಸುಳಿವೇ ಇರಲಿಲ್ಲ. "ಎರಡು ವಾರ ಊಟದಲ್ಲೇ ನೋಡೋಣ, ಬಗ್ಗದಿದ್ರೆ ಇನ್ಸುಲಿನ್" ಅಂದರು ಡಾಕ್ಟರು. ಅವರ ಮುಖ ನೋಡಿದರೆ ಬಗ್ಗುವ ಆಸೆ ಅವರಿಗೇ ಇದ್ದ ಹಾಗೆ ಕಾಣಲಿಲ್ಲ. ಕೊನೆಗೆ ಹೆರಿಗೆವರೆಗೂ ಸೂಜಿ ಬೇಕಾಗಲಿಲ್ಲ. ಹೇಗೆ ಇಳಿಸಿದೆ ಅಂತ ಕೇಳುವವರಿಗೆ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಬೆರಳು ಚುಚ್ಚಿ ಒಂದು ಹನಿ ರಕ್ತ ಸ್ಟ್ರಿಪ್‌ಗೆ ತಾಗಿಸಿದರೆ ಮೀಟರ್ ಶುಗರ್ ತೋರಿಸುತ್ತದೆ. ನನಗೆ ಕೊಟ್ಟ ಗುರಿ: ಖಾಲಿ ಹೊಟ್ಟೆಗೆ 95ರೊಳಗೆ, ಊಟದ ಎರಡು ಗಂಟೆಗೆ 120ರೊಳಗೆ. ಗಂಟೆ ಎಣಿಸುವುದು ಮೊದಲ ತುತ್ತಿನಿಂದ. ನಾನು ಕೈತೊಳೆದ ಮೇಲಿಂದ ಎಣಿಸಿ ಮೊದಲ ನಾಲ್ಕು ದಿನದ ಲೆಕ್ಕ ಹಾಳು ಮಾಡಿಕೊಂಡೆ.

ಮೊದಲು ದುಡ್ಡು ಕಳೆದ ಕತೆ. 800 ರೂಪಾಯಿ ಕೊಟ್ಟು ಒಂದು ಕಡೆ ಡಯಟ್ ಚಾರ್ಟ್ ಬರೆಸಿದೆ. ಓಟ್ಸ್, ಬ್ರೌನ್ ಬ್ರೆಡ್, ಬ್ರೊಕೊಲಿ. ನಾನಿರುವುದು ತುಮಕೂರಿನಲ್ಲಿ, ಮುದ್ದೆ ತಿನ್ನುವ ಮನೆಯಲ್ಲಿ! ಆಮೇಲೆ ಸಕ್ಕರೆ ಇಲ್ಲದ ಬಿಸ್ಕತ್ತು ತಂದೆ. ನಾಲ್ಕು ತಿಂದರೆ ಮೀಟರ್ 140 ತೋರಿಸಿತು. ಸಕ್ಕರೆ ಇಲ್ಲದಿದ್ದರೇನು, ಮೈದಾ ಇದೆಯಲ್ಲ.

ಸಿಟ್ಟು ಬಂದು ಒಂದು ವಾರ ಅನ್ನ, ಮುದ್ದೆ ಎರಡೂ ಬಿಟ್ಟೆ. ನಂಬರ್ ಬಂಗಾರದಂತೆ ಬಂತು, 86, 101. ಹೊಗಳಿಸಿಕೊಳ್ಳೋಣ ಅಂತ ಡಾಕ್ಟರ ಹತ್ತಿರ ಹೋದೆ. ತೂಕ ಒಂದೂವರೆ ಕೆಜಿ ಇಳಿದಿತ್ತು, ಮೂತ್ರದಲ್ಲಿ ಕೀಟೋನ್ ಕಂಡಿತ್ತು, ಅಂದರೆ ಊಟ ಸಾಲದೆ ಮೈಯ ಕೊಬ್ಬು ಕರಗುತ್ತಿರುವ ಗುರುತು. ಮಗು ಬೆಳೆಯುವ ಹೊತ್ತಿನಲ್ಲಿ ಉಪವಾಸ ಮಾಡ್ತೀಯಾ ಅಂತ ಚೆನ್ನಾಗಿ ಬೈಸಿಕೊಂಡು ಬಂದೆ. ಅತ್ತೆಗೆ ಅದೇ ಬೇಕಿತ್ತು. "ಹೊಟ್ಟೇಲಿರೋ ಕೂಸಿಗೆ ಅನ್ನ ಕಮ್ಮಿ ಮಾಡ್ತಾರೇನಮ್ಮ?" ಅಂತ ದಿನಕ್ಕೆ ಮೂರು ಸಲ.

ಅಷ್ಟರಲ್ಲಿ ದಾವಣಗೆರೆಯಿಂದ ಅವ್ವ ಬಂದಳು. ಮಗಳ ಶಾಲೆ ಇಲ್ಲೇ ಇದೆ ಅಂತ ಈ ಸಲ ನಾನು ತವರಿಗೆ ಹೋಗಿರಲಿಲ್ಲ. ಅವ್ವ ಬಂದ ಮೇಲೆ ಒಂದೇ ಒಲೆಗೆ ಎರಡು ಸೀಮೆ. ಅತ್ತೆ ಮುದ್ದೆ ಅನ್ನುತ್ತಾರೆ, ಅವ್ವ ಜೋಳದ ರೊಟ್ಟಿ ಅನ್ನುತ್ತಾಳೆ. ನಾನು ಮೇಷ್ಟ್ರ ಕೆಲಸದವಳು, ಏಪ್ರಿಲ್ ರಜೆ ಬೇರೆ. ಪರೀಕ್ಷೆ ಮಾಡಿಯೇ ಬಿಡೋಣ ಅಂದುಕೊಂಡೆ.

ನೆನಪಿದ್ದಷ್ಟು ಹೇಳುತ್ತೇನೆ. ರಾಗಿ ಗಂಜಿ ಒಂದು ಲೋಟ ಕುಡಿದಾಗ 150 ದಾಟಿತು. ಶುಗರ್‌ಗೆ ರಾಗಿ ಒಳ್ಳೇದು ಅಂತ ಎಲ್ಲರೂ ಹೇಳುತ್ತಾರೆ, ಹಿಟ್ಟು ಮಾಡಿ ತೆಳ್ಳಗೆ ಕುಡಿದರೆ ಅದೂ ಸರ್ರನೆ ಏರುತ್ತದೆ. ಇಡೀ ಮುದ್ದೆ ಬಸ್ಸಾರಿನ ಜತೆ 138. ಅರ್ಧ ಮುದ್ದೆ, ಮೊಳಕೆ ಹುರುಳಿಕಾಳಿನ ಸಾರು, ತಟ್ಟೆ ತುಂಬ ಸೊಪ್ಪಿನ ಪಲ್ಯ ಇಟ್ಟುಕೊಂಡರೆ 112. ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ, ಗಟ್ಟಿ ಮೊಸರಿಗೆ 105ರ ಆಸುಪಾಸು. ಅವ್ವ ಗೆದ್ದಳು, ಆದರೆ ಸ್ವಲ್ಪದರಲ್ಲಿ. ಅಕ್ಕಿ ರೊಟ್ಟಿ 145, ಅದನ್ನು ಅಲ್ಲಿಗೇ ಬಿಟ್ಟೆ. ನಮ್ಮ ಬೀದಿಯಲ್ಲಿ ದಾವಣಗೆರೆ ಬೆಣ್ಣೆ ದೋಸೆ ಅಂಗಡಿ ಇದೆ. ಒಂದು ತಿಂದು ಎರಡು ಗಂಟೆಗೆ ನೋಡಿದೆ, 119. ಕುಣಿಯುವುದೊಂದು ಬಾಕಿ. ಯಾಕೋ ಅನುಮಾನ ಬಂದು ಮೂರು ಗಂಟೆಗೆ ಮತ್ತೆ ಚುಚ್ಚಿಕೊಂಡರೆ 141. ಬೆಣ್ಣೆ ತಡ ಮಾಡಿಸುತ್ತದೆ ಅಷ್ಟೇ, ಬಿಡುವುದಿಲ್ಲ.

ಒಂದು ಸಂಜೆ ಜೀವವೇ ಹೋದಂತಾಗಿತ್ತು. ಚೇಳೂರು ಕಡೆಯಿಂದ ಹಲಸಿನ ಹಣ್ಣು ಬಂದಿತ್ತು. ಕೈಗೆ ಎಣ್ಣೆ ಸವರಿಕೊಂಡು ಮಗಳಿಗೆ ತೊಳೆ ಬಿಡಿಸಿ ಕೊಟ್ಟೆ, ನಾನು ಒಂದೂ ಬಾಯಿಗಿಡಲಿಲ್ಲ. ಬಟ್ಟೆಗೆ ಕೈ ಒರೆಸಿಕೊಂಡು ಬೆರಳು ಚುಚ್ಚಿದರೆ 212! ಡಾಕ್ಟರಿಗೆ ಫೋನ್ ಮಾಡಲು ಹೊರಟಿದ್ದೆ. "ಕೈ ತೊಳೆದ್ಯೇನವ್ವಾ?" ಅಂದಳು ಅವ್ವ. ಸೋಪು ಹಾಕಿ ತೊಳೆದು ನೋಡಿದೆ, 109. ಹಣ್ಣಿನ ರಸ ಬೆರಳ ಮೇಲೇ ಇತ್ತು.

ಇಷ್ಟೆಲ್ಲ ಆದರೂ ಬೆಳಗಿನ ನಂಬರ್ ಮಾತ್ರ ಹಟಮಾರಿ. 102, 104. ಏಳೂವರೆಗೇ ಉಂಡರೂ ಹಾಗೇ. ಪುಸ್ತಕದಲ್ಲಿ ಬರೆದಿಟ್ಟಿದ್ದನ್ನು ಒಂದು ಮಧ್ಯಾಹ್ನ ತಿರುವಿ ಹಾಕಿದೆ. ಕಳ್ಳ ಸಿಕ್ಕ. ನಾನು ಏಳೂವರೆಗೆ ಒಬ್ಬಳೇ ಉಣ್ಣುತ್ತಿದ್ದೆ. ಧಾರಾವಾಹಿ ಮುಗಿಸಿ ಒಂಬತ್ತೂವರೆಗೆ ಉಳಿದವರು ಕೂರುವಾಗ ನಾನೂ ಹೋಗಿ ಕೂರುತ್ತಿದ್ದೆ. "ಎರಡು ತುತ್ತು ಮೊಸರನ್ನ ಅಷ್ಟೇ" ಅಂತ ಅತ್ತೆ ಬಡಿಸುತ್ತಿದ್ದರು. ಆ ಎರಡು ತುತ್ತು ಬರೆಯಬೇಕು ಅಂತ ನನಗೂ ಹೊಳೆದಿರಲಿಲ್ಲ.

ಉಪಾಯ ಇಷ್ಟೇ: ಇಡೀ ಮನೆಗೆ ಒಂದೇ ಅಡುಗೆ, ಒಂದೇ ಹೊತ್ತು, ಏಳೂವರೆ. ಎಲ್ಲರ ತಟ್ಟೆಗೂ ಮೊದಲು ಪಲ್ಯ, ಕೋಸಂಬರಿ. ಅದು ಮುಗಿದ ಮೇಲೆ ಕಾಳು, ಕೊನೆಗೆ ಮುದ್ದೆಯೋ ರೊಟ್ಟಿಯೋ. ಊಟವಾದ ಕೂಡಲೇ ಹದಿನೈದು ನಿಮಿಷ ನಡಿಗೆ. ಒಂಬತ್ತೂವರೆಗೆ ಅಡುಗೆಮನೆ ದೀಪ ಆರಿರಬೇಕು. ಅತ್ತೆ ಮೂರು ದಿನ ಮುಖ ದಪ್ಪ ಮಾಡಿಕೊಂಡಿದ್ದರು. ಮಾವ, "ಸಾಯಂಕಾಲ ಯಾರಾದ್ರೂ ಊಟ ಮಾಡ್ತಾರಾ?" ಅಂತ ನಕ್ಕರು. ನಮ್ಮನೆಯವರು ಬೆಂಗಳೂರಿನಿಂದ ರೈಲಿಳಿದು ಮನೆ ಸೇರುವುದು ಎಂಟೂ ಮುಕ್ಕಾಲು. ಅವರಿಗೊಬ್ಬರಿಗೆ ವಿನಾಯಿತಿ, ಆದರೆ ಚೀಲ ಇಟ್ಟು ನನ್ನ ಜತೆ ಬೀದಿ ಕೊನೆವರೆಗೆ ಒಂದು ಸುತ್ತು ಬಂದೇ ತಟ್ಟೆ ಮುಟ್ಟಬೇಕು. ಭಾನುವಾರ ಅಮಾನಿಕೆರೆ ದಂಡೆ. ಐದನೇ ಬೆಳಿಗ್ಗೆ 93.

33ನೇ ವಾರಕ್ಕೆ ಮತ್ತೆ ಕೈಕೊಟ್ಟಿತು. ಅದೇ ಊಟ, ಅದೇ ನಡಿಗೆ, ಆದರೂ 99. ಈ ವಾರಗಳಲ್ಲಿ ಮಾಸಿನಿಂದ (ಪ್ಲಾಸೆಂಟಾದಿಂದ) ಬರುವ ಹಾರ್ಮೋನಿನ ಜೋರು ಜಾಸ್ತಿ, ಅದು ಶುಗರ್ ಏರಿಸುತ್ತದೆ, ನಿನ್ನ ತಪ್ಪಲ್ಲ ಅಂದರು ಡಾಕ್ಟರು. ಇನ್ಸುಲಿನ್ ಚೀಟಿ ಬರೆದೂ ಇಟ್ಟರು. ಇಳಿಯದಿದ್ದರೆ ನಾನು ತೆಗೆದುಕೊಳ್ಳುತ್ತಿದ್ದೆ, ಅದರಲ್ಲಿ ನಾಚಿಕೆ ಏನಿಲ್ಲ. ನಮ್ಮ ಶಾಲೆಯ ಟೀಚರೊಬ್ಬರು ತೆಗೆದುಕೊಂಡೇ ಚೆಂದದ ಮಗು ಹೆತ್ತಿದ್ದಾರೆ. ಡಾಕ್ಟರನ್ನೇ ಕೇಳಿಕೊಂಡು, ಮಲಗುವ ಮುಂಚೆ ಕುಡಿಯುತ್ತಿದ್ದ ಹಾಲು ನಿಲ್ಲಿಸಿ ಅರ್ಧ ರೊಟ್ಟಿಗೆ ಅವ್ವನ ಪುಡಿ ಹಚ್ಚಿ ತಿಂದು ನೋಡಿದೆ. ಮೂರೇ ದಿನಕ್ಕೆ 94, 91, 92. ಪುಡಿಯಲ್ಲಿ ಅಗಸೆ, ಗುರೆಳ್ಳು, ಶೇಂಗಾ ಇದೆ. ಉಳಿದ ಎರಡು ಸಾಮಾನು ಹೇಳುವುದಿಲ್ಲ, ಅವ್ವ ನನಗೇ ಹೇಳಿದ್ದು ಮದುವೆಯಾಗಿ ಏಳು ವರ್ಷಕ್ಕೆ.

ಎರಡನೆಯದಕ್ಕೆ ಸೀಮಂತ ಇಲ್ಲದಿದ್ದರೂ ಬಯಕೆ ಊಟ ತಪ್ಪಲಿಲ್ಲ. ಹೋಳಿಗೆ, ಮಾದಲಿ, ಕರ್ಚಿಕಾಯಿ. ಬೇಡ ಅಂದರೆ ಅವ್ವ ಅಳುತ್ತಾಳೆ. ಎರಡು ಬಟ್ಟಲು ಕೋಸಂಬರಿ ತಿಂದು, ಅನ್ನ ಬಿಟ್ಟು, ಒಂದು ಹೋಳಿಗೆ ತುಪ್ಪದ ಜತೆ ತಿಂದೆ. ರೇಷ್ಮೆ ಸೀರೆ ಎತ್ತಿಕಟ್ಟಿಕೊಂಡು ಮಹಡಿ ಮೇಲೆ ಅರ್ಧ ಗಂಟೆ ನಡೆದೆ. ಹಸಿರು ಬಳೆ ಮೇಲಕ್ಕೆ ಸರಿಸಿ ಚುಚ್ಚಿದರೆ 117. ಬೆಣ್ಣೆ ದೋಸೆ ಪಾಠ ಕಲಿಸಿತ್ತಲ್ಲ, ಮೂರು ಗಂಟೆಗೂ ನೋಡಿದೆ, 114.

ಅದೇ ದಿನ ಸುಮ್ನೆ ತಮಾಷೆಗೆ ಎಲ್ಲರಿಗೂ ಹೊಸ ಸೂಜಿ ಹಾಕಿ ನೋಡಿದೆವು. ಮಾವನದು 247. ಎರಡು ಸಲ ಕೈ ತೊಳೆಸಿದೆ, ಇಳಿಯಲಿಲ್ಲ. ಏಳೂವರೆ ಊಟಕ್ಕೆ ನಗುವುದು ಅವತ್ತಿಗೆ ನಿಂತಿತು.

ಒಂಬತ್ತನೇ ತಿಂಗಳು ಹಳೇ ಪಂಚೆ ಹರಿದು ಲಂಗೋಟಿ ಮಾಡುವುದು, ಬ್ಯಾಗು, ತಾಯಿ ಕಾರ್ಡು, ಮಗು ಒದೆಯುವುದನ್ನು ಎಣಿಸುವುದು, ಎಲ್ಲರ ಮನೆಯಲ್ಲಿ ಇರುವಂಥದ್ದೇ. ಅಂಟಿನುಂಡೆಗೆ ಅವ್ವ ಬೆಲ್ಲ ಅರ್ಧ ಮಾಡಿದಳು. ಉಂಡೆ ನಿಲ್ಲಲಿಲ್ಲ, ಪುಡಿಯನ್ನೇ ಚಮಚದಲ್ಲಿ ತಿಂದೆ.

ಖರ್ಚು ಕೇಳುತ್ತೀರಿ. ಮೀಟರ್ ಸುಮಾರು ಸಾವಿರ. ಸ್ಟ್ರಿಪ್ 50ರ ಡಬ್ಬಿಗೆ ಹತ್ತಿರ ಹತ್ತಿರ 900, ಏಳು ಡಬ್ಬಿ ಮುಗಿದವು. ಅದರಲ್ಲಿ ಒಂದು ಡಬ್ಬಿ ನನ್ನ ತಲೆಹರಟೆಗೇ ಹೋಗಿದೆ ಅಂತ ನಮ್ಮನೆಯವರ ಲೆಕ್ಕ.

ಮಗಳು ಹುಟ್ಟಿದ್ದು 39 ವಾರಕ್ಕೆ, ಸಹಜ ಹೆರಿಗೆ, 3 ಕೆಜಿಗೆ ಚೂರು ಮೇಲೆ. ಹಿಮ್ಮಡಿ ಚುಚ್ಚಿ ಅವಳದೂ ಶುಗರ್ ನೋಡಿದರು, ಸರಿ ಇತ್ತು. ಡಾಕ್ಟರು ನನ್ನ ಪುಸ್ತಕದ ಫೋಟೊ ತೆಗೆದುಕೊಂಡರು, ಬೇರೆಯವರಿಗೆ ತೋರಿಸಲಿಕ್ಕೆ. ಆರು ವಾರಕ್ಕೆ ಮತ್ತೆ ಗ್ಲೂಕೋಸ್ ಕುಡಿಸಿದಾಗ 116. ವರ್ಷ ವರ್ಷ ನೋಡಿಸಿಕೋ ಅಂದಿದ್ದಾರೆ.

ಮೂರು ತಿಂಗಳಿಗೆ ಮಗು ಎತ್ತಿಕೊಂಡು ದಾವಣಗೆರೆಗೆ ಹೋದೆ. ಎರಡು ಬೆಣ್ಣೆ ದೋಸೆ ತಿಂದೆ. ಮೀಟರ್ ತುಮಕೂರಿನಲ್ಲೇ ಇತ್ತು, ಮಾವನ ದಿಂಬಿನ ಹತ್ತಿರ.