ಬಿಸಿಯಾದಾಗ ಮಾತ್ರ ಮಿಸ್ಸಿಂಗ್: ಇಸಿಯು ಬದಲಿಸದೆ ಸರಿಮಾಡಿದ ಗಾಡಿ

ಸೇಡಂ ಕಡೆಯ ಗಿರಾಕಿಯೊಬ್ಬರ ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಯಾವ ತಕರಾರೂ ಇಲ್ಲ. ಮಳಖೇಡ ದಾಟಿ ಕಲಬುರಗಿ ಕಡೆ ಬರುವಷ್ಟರಲ್ಲಿ ಜರ್ಕ್ ಹೊಡೆಯೋದು, ಚೆಕ್ ಲೈಟ್ ಮಿಣುಕೋದು. ಕೋಡ್ ಪಿ0303, ಅಂದರೆ ಮೂರನೇ ಸಿಲಿಂಡರಿನಲ್ಲಿ ಮಿಸ್ಸಿಂಗ್ (ಪೆಟ್ರೋಲ್ ಸರಿಯಾಗಿ ಉರಿಯದಿರೋದು). ತಣ್ಣಗಾದರೆ ಮತ್ತೆ ಸರಿ. ನನ್ನ ಹತ್ತಿರ ಬರೋ ಮೊದಲೇ ಪ್ಲಗ್, ಎರಡು ಕಾಯಿಲ್ (ಪ್ಲಗ್‌ಗೆ ಕಿಡಿ ಕೊಡೋದು, ಸಿಲಿಂಡರಿಗೊಂದು), ಇಂಜೆಕ್ಟರ್ ಕ್ಲೀನಿಂಗ್ ಅಂತ 11-12 ಸಾವಿರ ರೊಕ್ಕ ಹೋಗಿತ್ತು. ಕೊನೆಗೆ ಎಲ್ಲರೂ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಹೋಗಿದೆ ಅಂದರು. ಅದಕ್ಕೆ ಇನ್ನೂ 30 ಸಾವಿರದ ಮಾತು.

ನನಗೆ ಒಂದು ವಿಷಯ ತಲೆ ತಿನ್ನುತ್ತಿತ್ತು. ಪ್ರತಿ ಸಲ ಹೊಸ ಕಾಯಿಲ್ ಹಾಕಿದಾಗಲೂ ಗಾಡಿ ಕೆಲವು ದಿನ ಚೆನ್ನಾಗಿ ಓಡಿತ್ತು. ಆಮೇಲೆ ಅದೇ ರೋಗ. ಮೂರನೇ ಕಾಯಿಲ್ ತೆಗೆದು ಒಂದನೇದಕ್ಕೆ ಹಾಕಿದರೂ ಮಿಸ್ಸಿಂಗ್ ಮೂರರಲ್ಲೇ ಉಳೀತು.

ಮಲ್ಟಿಮೀಟರ್ ಇಲ್ಲಿ ಸುಮ್ನೆ. ಕಾಯಿಲ್ ಚಾರ್ಜ್ ಆಗೋದು 3 ಮಿಲಿಸೆಕೆಂಡ್ ಆಸುಪಾಸು, ಮೀಟರ್ ಓದೋದು ಸೆಕೆಂಡಿಗೆ ಎರಡು ಮೂರು ಸಲ. ಓಮ್ಸ್‌ನಲ್ಲಿ ನಾಲ್ಕೂ ವೈರ್ ಒಂದೇ ತರ ತೋರಿಸಿದವು. ಅದಕ್ಕೇ ಸ್ಕೋಪ್ (ಕರೆಂಟಿನ ಏರಿಳಿತವನ್ನು ಗೆರೆಯಾಗಿ ತೋರಿಸೋದು) ಮತ್ತು ಲೋ ಆಂಪ್ ಕ್ಲಾಂಪ್ (ವೈರ್ ಸುತ್ತ ಹಿಡಿದು ಸಣ್ಣ ಕರೆಂಟ್ ಅಳೆಯೋದು) ತೆಗೆದುಕೊಂಡಿದ್ದೆ, ಎರಡೂ ಸೇರಿ 13 ಸಾವಿರ ಚಿಲ್ಲರೆ. ಆಗ ಪಕ್ಕದ ಗ್ಯಾರೇಜಿನವರು "ಇಷ್ಟು ರೊಕ್ಕಕ್ಕೆ ಇನ್ನೊಂದು ಜಾಕ್ ಬರ್ತಿತ್ತಲ್ಲ" ಅಂದಿದ್ದರು.

ಕಾಯಿಲ್ ಫ್ಯೂಸ್ ಜಾಗದಲ್ಲಿ ವೈರ್ ಲೂಪ್ ಹಾಕಿ ಕ್ಲಾಂಪ್ ಕೂರಿಸಿದೆ. ತಣ್ಣಗಿದ್ದಾಗ ಸ್ಕ್ರೀನಿನಲ್ಲಿ ನಾಲ್ಕೂ ಕಾಯಿಲ್‌ಗಳ ಕರೆಂಟ್ ಏರುಗಳು ಸಮ, ತುದಿ 7 ಆಂಪ್ ಹತ್ತಿರ. ಗ್ಯಾರೇಜಿನಲ್ಲಿ ಎಷ್ಟು ಹೊತ್ತು ಓಡಿಸಿದರೂ ರೋಗ ತೋರಿಸಲಿಲ್ಲ. ಶಹಾಬಾದ್ ರಸ್ತೆಯಲ್ಲಿ ಲ್ಯಾಪ್‌ಟಾಪ್ ಸಮೇತ ಹೋಗಿ ಬಂದೆ, ಆಗಲೂ ಇಲ್ಲ. ಕೊನೆಗೆ ಮೇ ತಿಂಗಳ ಮಧ್ಯಾಹ್ನ, ಹೊರಗೆ 42 ಡಿಗ್ರಿ, ಬಾನೆಟ್ ಮುಚ್ಚಿ, ಎಸಿ ಹಾಕಿ, ಇಂಜಿನ್ ಓಡಿಸುತ್ತಾ ಬಿಸಿಲಲ್ಲೇ ನಿಲ್ಲಿಸಿದೆ. ಆಗ ಸಿಕ್ಕಿತು. ಮೂರನೇ ಏರು 4 ಆಂಪ್‌ಗೆ ಕುಸಿದು ತುದಿಯಲ್ಲಿ ಚಪ್ಪಟೆಯಾಯಿತು. ಅಗಲ, ಅಂದರೆ ಚಾರ್ಜ್ ಆಗೋ ಹೊತ್ತು, ಮಾತ್ರ ಉಳಿದ ಮೂರರಷ್ಟೇ ಇತ್ತು.

ಆ ಅಗಲ ನೋಡಿದ ತಕ್ಷಣ ಇಸಿಯು ನಿರಪರಾಧಿ ಅಂತ ಗೊತ್ತಾಯಿತು. ಅದು ಕಾಯಿಲ್‌ಗೆ ಚಾರ್ಜ್ ಆಗು ಅಂತ ಹೇಳಬೇಕಾದಷ್ಟು ಹೊತ್ತು ಹೇಳುತ್ತಿದೆ, ಕರೆಂಟ್ ದಾರಿಯಲ್ಲಿ ಎಲ್ಲೋ ತಡೀತಿದೆ. ಕಾಯಿಲ್ ಒಳಗೆ ಶಾರ್ಟ್ ಆಗಿದ್ದರೆ ಏರು ಮೊದಲಲ್ಲೇ ನೆಟ್ಟಗೆ ಏಳುತ್ತಿತ್ತು.

ಆ ತಡೆ ಎಲ್ಲಿ ಅಂತ ಹುಡುಕಲು ಮುಂದೆ ಹೆಡ್‌ಲೈಟ್ ಬಲ್ಬ್. ಮೂರನೇ ಕನೆಕ್ಟರಿನ ಫೀಡ್ (ಕರೆಂಟ್ ಬರೋ) ಪಿನ್‌ಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ 60 ವ್ಯಾಟ್ ಬಲ್ಬ್, 5 ಆಂಪ್ ಲೋಡ್. ಹೇರ್ ಡ್ರೈಯರ್‌ನಿಂದ ಕನೆಕ್ಟರ್ ಬಿಸಿ ಮಾಡುತ್ತಾ ವೈರ್ ಮೆಲ್ಲಗೆ ಅಲುಗಿಸಿದರೆ ಬಲ್ಬ್ ಮಂಕಾಗಿ ಮಿಣುಕಿತು. ಬೇರೆ ಮೂರರಲ್ಲಿ ಹಾಗಾಗಲಿಲ್ಲ. ನಾಲ್ಕೂ ಕನೆಕ್ಟರಿಗೆ ಅದೇ ಅಳತೆಯ ಗಂಡು ಪಿನ್ ತೂರಿಸಿ ಎಳೆದು ನೋಡಿದೆ. ಉಳಿದವು ಬಿಗಿಯಾಗಿ ಹಿಡಿದವು, ಮೂರನೇದರಲ್ಲಿ ಹಿಡಿತವೇ ಇಲ್ಲದೆ ಜಾರಿತು. ಯಾರೋ ಹಿಂದೆ ದಪ್ಪ ಪ್ರೋಬ್ ಚುಚ್ಚಿ ಬಾಯಿ ಅಗಲ ಮಾಡಿದ್ದರು. ಕನೆಕ್ಟರ್ ತೆಗೆದು ಹಾಕಿದಾಗಲೆಲ್ಲ ಪಿನ್ ಸ್ವಲ್ಪ ಕೂರುತ್ತಿತ್ತು. ಹೊಸ ಕಾಯಿಲ್‌ನಿಂದ ಸರಿಹೋಯಿತು ಅಂದುಕೊಂಡಿದ್ದು ಇದೇ. ಆ ಗಂಡು ಪಿನ್ ಯಾವ ಹಳೇ ಸಾಮಾನಿನಿಂದ ಕತ್ತರಿಸ್ತೀನಿ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಅದರ ಜೊತೆಗೇ ಕಾಯಿಲ್ ಬೂಟ್‌ಗಳಿಗೆ (ಪ್ಲಗ್ ಮೇಲೆ ಕೂರೋ ರಬ್ಬರ್ ತೋಳು) ಉಪ್ಪುನೀರು ಸಿಂಪಡಿಸಿ ಕತ್ತಲಲ್ಲಿ ಸ್ಪಾರ್ಕ್ ಲೀಕನ್ನೂ ನೋಡಿದೆ. ಎರಡನೇದರಲ್ಲಿ ಸಣ್ಣ ನೀಲಿ ಗೆರೆ ಕಂಡಿತು, ಬೂಟ್ ಬದಲಿಸಿದೆ. ಇಂಜಿನ್ ಅರ್ಥ್ ವೈರಿನಲ್ಲಿ ಕಳೆಯೋ ವೋಲ್ಟೇಜ್ (ಡ್ರಾಪ್) ಕ್ರ್ಯಾಂಕ್ ಮಾಡುವಾಗ 0.1 ವೋಲ್ಟ್ ಆಸುಪಾಸು, ಅದು ಸರಿ ಇತ್ತು, ಮುಟ್ಟಲಿಲ್ಲ.

ಸಡಿಲ ಪಿನ್ ಬದಲಿಗೆ ಹಾಕಿದ ಹೊಸ ಟರ್ಮಿನಲ್‌ಗೆ 20 ರೂಪಾಯಿ, ಬೂಟ್‌ಗೆ 250, ಟೆಸ್ಟಿಂಗ್‌ಗೆ 2,000. ಗಿರಾಕಿ ತಕರಾರು ಮಾಡದೆ ಕೊಟ್ಟರು. ಆಮೇಲೆ ಇನ್ನೊಂದು ಬೇಸಿಗೆ ಕಳೆಯಿತು, ಕೋಡ್ ಬಂದಿಲ್ಲ. ಬಲ್ಬ್ ಟೆಸ್ಟ್ ಮಾಡೋರಿಗೆ ಒಂದು ಮಾತು: 60 ವ್ಯಾಟ್ ಬಲ್ಬ್ ಫೀಡ್ ಮತ್ತು ಅರ್ಥ್ ವೈರಿಗೆ ಮಾತ್ರ. ಇಸಿಯುನಿಂದ ಕಾಯಿಲ್‌ಗೆ ಸಂಕೇತ ತರೋ ಟ್ರಿಗರ್ ವೈರಿಗೆ ಇಟ್ಟರೆ ಆ 30 ಸಾವಿರ ಖರೇನೇ ಹೋಗುತ್ತದೆ.