ಪಾಸ್‌ವರ್ಡ್ ಬಾಯಲ್ಲಿ ಹೇಳದೆ ವೈಫೈ ಕೊಡುವುದು: ನಮ್ಮ ಹೋಂಸ್ಟೇಯಲ್ಲಿ ನಾನು ಮಾಡಿಕೊಂಡ ವ್ಯವಸ್ಥೆ

ನಮ್ಮದು ಕಳಸದ ಹತ್ತಿರ ಕಾಫಿ ತೋಟದ ನಡುವೆ ಇರುವ ಸಣ್ಣ ಹೋಂಸ್ಟೇ. ಮನೆ ಗುಡ್ಡದ ಮರೆಯಲ್ಲಿದೆ. ಮೊಬೈಲ್ ಸಿಗ್ನಲ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ, ಮಳೆಗಾಲದಲ್ಲಿ ಅದೂ ಇಲ್ಲ. ಫೈಬರ್ ಲೈನ್ ಬಂದ ಮೇಲೆ ಎಲ್ಲವೂ ವೈಫೈ ಮೇಲೆಯೇ ನಿಂತಿದೆ. ಬಂದವರು ಊರಿಗೆ ಫೋನ್ ಮಾಡಬೇಕಾದರೆ ವೈಫೈ ಕಾಲಿಂಗೇ ಗತಿ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಅದನ್ನು ಶುರು ಮಾಡಿದ್ದು ನಮ್ಮಂಥ ಜಾಗಗಳಿಗೆ ದೊಡ್ಡ ಉಪಕಾರ. ಹೊರಡುವಾಗ ಯುಪಿಐನಲ್ಲಿ ದುಡ್ಡು ಕಳಿಸಬೇಕಾದರೂ ಅದೇ ವೈಫೈ. ಹಾಗಾಗಿ ಬ್ಯಾಗ್ ಇಳಿಸುವ ಮುಂಚೆಯೇ ಬರುವ ಮಾತು, "ಮೇಡಂ, ವೈಫೈ ಪಾಸ್‌ವರ್ಡ್ ಏನು?"

ಮೊದಲೆಲ್ಲ ಬಾಯಲ್ಲೇ ಹೇಳುತ್ತಿದ್ದೆವು. ಒಳ್ಳೆಯ ಪಾಸ್‌ವರ್ಡ್ ಅಂದರೆ ಉದ್ದ ಇರಬೇಕು, ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ ಎಲ್ಲ ಬೆರೆತಿರಬೇಕು. ಅದನ್ನು ಹೇಳಿ ಟೈಪ್ ಮಾಡಿಸುವುದು ಬೇರೆಯೇ ಕೆಲಸ. ಸೊನ್ನೆಯೋ 'ಓ' ಅಕ್ಷರವೋ? ಒಂದೋ 'ಎಲ್' ಅಕ್ಷರವೋ? ವಯಸ್ಸಾದವರ ಫೋನಿನಲ್ಲಿ ಕೀಬೋರ್ಡ್ ಕನ್ನಡಕ್ಕೆ ತಿರುಗಿರುತ್ತದೆ. ಟೈಪ್ ಮಾಡಿದ್ದು ಚುಕ್ಕಿಗಳಾಗಿ ಕಾಣುತ್ತದೆ, ತಪ್ಪು ಎಲ್ಲಿ ಅಂತ ಗೊತ್ತಾಗುವುದಿಲ್ಲ. ಇದರಿಂದ ತಪ್ಪಿಸಿಕೊಳ್ಳಲು ತುಂಬಾ ಜನ ಒಂದರಿಂದ ಎಂಟರವರೆಗೆ ಅಂಕಿ ಬರೆದು ಬಿಟ್ಟಿರುತ್ತಾರೆ. ಅದು ಪಾಸ್‌ವರ್ಡ್ ಇಲ್ಲದ ಹಾಗೆಯೇ. ಫೋನಿಂದ ಫೋನಿಗೆ ಕೊಡುವುದನ್ನು ಕಲಿತ ಮೇಲೆ ನನಗೆ ಆದ ನಿಜವಾದ ಲಾಭ ಇದೇ. ಯಾರೂ ಟೈಪ್ ಮಾಡಬೇಕಾಗಿಲ್ಲ ಅಂದ ಮೇಲೆ ಪಾಸ್‌ವರ್ಡ್ ಎಷ್ಟು ಉದ್ದ ಬೇಕಾದರೂ ಇಡಬಹುದು.

ಮೊದಲು ಕಲಿತದ್ದು ಐಫೋನಿನ ದಾರಿ, ಅದೂ ಮಗಳಿಂದ. ಅವಳು ಹೊಸ ಫೋನ್ ತಂದಿದ್ದಳು, ನನ್ನ ಕೈಗೆ ಅವಳ ಹಳೆಯ ಐಫೋನ್ ಬಂದಿತ್ತು. "ಅಮ್ಮಾ, ನಿನ್ನ ಫೋನ್ ಅನ್‌ಲಾಕ್ ಮಾಡಿ ಹತ್ರ ಇಟ್ಕೋ, ಏನೂ ಮುಟ್ಟಬೇಡ" ಅಂದಳು. ಅವಳ ಫೋನಿನಲ್ಲಿ ವೈಫೈ ಪಟ್ಟಿ ತೆಗೆದು ನಮ್ಮ ಮನೆಯ ಹೆಸರನ್ನು ಒತ್ತಿದಳು. ಪಾಸ್‌ವರ್ಡ್ ಕೇಳುವ ಪರದೆ ಬಂತು. ಅಷ್ಟರಲ್ಲಿ ನನ್ನ ಫೋನಿನ ಕೆಳಗಿಂದ ಒಂದು ಬಿಳಿ ಚೌಕ ಮೇಲೆದ್ದಿತು. ಇಂಥವರು ಈ ವೈಫೈ ಸೇರಬೇಕು ಅಂತಿದ್ದಾರೆ, ಪಾಸ್‌ವರ್ಡ್ ಕೊಡುತ್ತೀರಾ ಅಂತ ಕೇಳಿತು. ಒತ್ತಿದೆ. ಅವಳ ಪರದೆಯ ಖಾಲಿ ಜಾಗದಲ್ಲಿ ಚುಕ್ಕಿಗಳು ತಾವಾಗಿಯೇ ತುಂಬಿಕೊಂಡವು, ವೈಫೈ ಸೇರಿಕೊಂಡಿತು. ಆಪಲ್ ಇದನ್ನು 2017ರಲ್ಲಿ, ಐಫೋನ್ ನಡೆಸುವ ಸಾಫ್ಟ್‌ವೇರ್ ಐಒಎಸ್‌ನ 11ನೇ ಆವೃತ್ತಿಯ ಜೊತೆ ಕೊಟ್ಟಿತು.

ಇದು ನಡೆಯಬೇಕಾದರೆ ಕೆಲವು ಷರತ್ತುಗಳಿವೆ. ಎರಡೂ ಫೋನಿನಲ್ಲಿ ವೈಫೈ ಮತ್ತು ಬ್ಲೂಟೂತ್ ಆನ್ ಇರಬೇಕು. ಪರ್ಸನಲ್ ಹಾಟ್‌ಸ್ಪಾಟ್ ಆಫ್ ಇರಬೇಕು. ಎರಡರಲ್ಲೂ ಆಪಲ್ ಅಕೌಂಟಿಗೆ ಸೈನ್ ಇನ್ ಆಗಿರಬೇಕು. ಕೊಡುವ ಫೋನ್ ಅದೇ ವೈಫೈನಲ್ಲಿದ್ದು ಅನ್‌ಲಾಕ್ ಆಗಿರಬೇಕು. ಇವೆಲ್ಲ ಸುಲಭ. ಜನ ಸಿಕ್ಕಿಹಾಕಿಕೊಳ್ಳುವುದು ಕೊನೆಯ ಷರತ್ತಿನಲ್ಲಿ. ಆಪಲ್ ಅಕೌಂಟಿಗೆ ಬಳಸುವ ಇಮೇಲ್ ಇನ್ನೊಬ್ಬರ ಕಾಂಟ್ಯಾಕ್ಟ್ಸ್‌ನಲ್ಲಿ ಸೇವ್ ಆಗಿರಬೇಕು, ಎರಡೂ ಕಡೆ. ನಮ್ಮಲ್ಲಿ ಹೆಸರು ಮತ್ತು ನಂಬರ್ ಹಾಕಿ ಬಿಡುತ್ತೇವೆ, ಇಮೇಲ್ ಯಾರು ಬರೆದಿಡುತ್ತಾರೆ? ಗಂಡ ಹೆಂಡತಿ ಇಬ್ಬರ ಕೈಯಲ್ಲೂ ಐಫೋನ್ ಇದ್ದು ಚೌಕ ಬರುತ್ತಿಲ್ಲ ಅಂದರೆ ನಾನು ಮೊದಲು ನೋಡುವುದು ಇದನ್ನೇ. ಇಮೇಲ್ ಸೇರಿಸಿ, ಬ್ಲೂಟೂತ್ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಬಹುಪಾಲು ಸರಿಹೋಗುತ್ತದೆ.

ಇದೇ ಷರತ್ತಿನ ಕಾರಣಕ್ಕೆ ಐಫೋನಿನ ಈ ದಾರಿ ಮನೆಯವರಿಗೆ ಚೆನ್ನ, ಅತಿಥಿಗಳಿಗೆ ಆಗುವುದಿಲ್ಲ. ಬಂದವರ ಇಮೇಲ್ ಬರೆದುಕೊಂಡು, ನಮ್ಮದನ್ನು ಅವರಿಗೆ ಬರೆಸಿ ಕೂರುವುದಕ್ಕಿಂತ ಪಾಸ್‌ವರ್ಡ್ ಹೇಳುವುದೇ ಬೇಗ.

ಅತಿಥಿಗಳಿಗೆ ಸರಿಹೋಗಿದ್ದು ಕ್ಯೂಆರ್ ಕೋಡ್. ನಮ್ಮ ಯಜಮಾನರದು ರೆಡ್ಮಿ ಫೋನ್. ಅದರಲ್ಲಿ ಸೇರಿಕೊಂಡಿರುವ ವೈಫೈ ಹೆಸರನ್ನು ಒತ್ತಿದರೆ ಸಾಕು, ಬೆರಳಚ್ಚು ಕೇಳಿ ಕ್ಯೂಆರ್ ತೋರಿಸುತ್ತದೆ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಈ ಸೌಲಭ್ಯ ಆಂಡ್ರಾಯ್ಡ್‌ನೊಳಗೇ ಸೇರಿದೆ. ಸೆಟ್ಟಿಂಗ್ಸ್‌ನಲ್ಲಿ ವೈಫೈ ಹೆಸರಿನ ಪಕ್ಕದ ಗೇರ್ ಗುರುತು ಒತ್ತಿ, ಷೇರ್ ಒತ್ತಿದರೆ ಬರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಗೇರ್ ಒತ್ತಿದ ಮೇಲೆ ಪರದೆಯ ಕೆಳಗೇ ಕ್ಯೂಆರ್ ಬಟನ್ ಇರುತ್ತದೆ. ಎದುರಿನವರು ಕ್ಯಾಮೆರಾ ಹಿಡಿದರೆ ಮುಗಿಯಿತು. ಅವರದು ಐಫೋನ್ ಆದರೂ ಸರಿ, ಅದರ ಕ್ಯಾಮೆರಾ ಐಒಎಸ್ 11ರಿಂದಲೇ ವೈಫೈ ಕ್ಯೂಆರ್ ಓದುತ್ತದೆ. ಐಫೋನಿಂದ ಆಂಡ್ರಾಯ್ಡ್‌ಗೆ ಕೊಡುವುದು ಬಹಳ ದಿನ ಕಷ್ಟ ಇತ್ತು. ಈಗ ಐಒಎಸ್ 18ರ ಪಾಸ್‌ವರ್ಡ್ಸ್ ಆಪ್ ತೆರೆದು, ವೈಫೈ ವಿಭಾಗದಲ್ಲಿ ನಮ್ಮ ನೆಟ್‌ವರ್ಕ್ ಆರಿಸಿದರೆ ಅದೂ ಕ್ಯೂಆರ್ ಕೊಡುತ್ತದೆ.

ಆಂಡ್ರಾಯ್ಡ್ 12 ಬಂದ ಮೇಲೆ ಹಲವು ಫೋನುಗಳಲ್ಲಿ ಕ್ಯೂಆರ್ ಕೆಳಗೆ ನಿಯರ್‌ಬೈ ಅಂತ ಒಂದು ಬಟನ್ ಸೇರಿತು. ಒತ್ತಿದರೆ ಹತ್ತಿರದ ಆಂಡ್ರಾಯ್ಡ್ ಫೋನುಗಳ ಹೆಸರು ಬರುತ್ತವೆ. ಬೇಕಾದವರನ್ನು ಆರಿಸಿದರೆ ಕ್ಯಾಮೆರಾ ಇಲ್ಲದೆಯೇ ಪಾಸ್‌ವರ್ಡ್ ಹೋಗುತ್ತದೆ. 2024ರ ಜನವರಿಯಲ್ಲಿ ಗೂಗಲ್ ಮತ್ತು ಸ್ಯಾಮ್‌ಸಂಗ್ ತಮ್ಮ ಎರಡು ಸೌಲಭ್ಯ ಸೇರಿಸಿ ಕ್ವಿಕ್ ಷೇರ್ ಅಂತ ಒಂದೇ ಹೆಸರಿಟ್ಟವು. ಕ್ಯಾಮೆರಾ ಒಡೆದ ಫೋನ್ ಬಂದಾಗ ಇದು ನಮಗೆ ಉಪಯೋಗಕ್ಕೆ ಬಂದಿದೆ. ಪಡೆಯುವವರು ತಮ್ಮ ಫೋನ್ ಎಲ್ಲರಿಗೂ ಕಾಣುವಂತೆ ಸ್ವಲ್ಪ ಹೊತ್ತು ಬಿಡಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಹೆಸರೇ ಬರುವುದಿಲ್ಲ.

ಇಲ್ಲಿ ಒಂದು ವಿಷಯ ಎಲ್ಲರಿಗೂ ಗೊತ್ತಿರಲಿ ಅನ್ನುವುದು ನನ್ನ ಆಸೆ. ಆ ಕಪ್ಪು ಬಿಳಿ ಚೌಕದಲ್ಲಿ ಗುಟ್ಟು ಮಾಡಿ ಏನೂ ಇಟ್ಟಿಲ್ಲ. ಅದರಲ್ಲಿರುವುದು ಒಂದೇ ಒಂದು ಸಾಲು. ಇದು ವೈಫೈ ಅನ್ನುವ ಗುರುತು, ಭದ್ರತೆಯ ಬಗೆ, ನೆಟ್‌ವರ್ಕ್ ಹೆಸರು, ಪಾಸ್‌ವರ್ಡ್, ನಡುನಡುವೆ ಸೆಮಿಕೋಲನ್. ಪಾಸ್‌ವರ್ಡ್ ಇದ್ದ ಹಾಗೇ ಇರುತ್ತದೆ. ಯಾವುದಾದರೂ ಸಾಮಾನ್ಯ ಕ್ಯೂಆರ್ ಓದುವ ಆಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಅಕ್ಷರ ಅಕ್ಷರ ಓದಬಹುದು. ಆಂಡ್ರಾಯ್ಡ್‌ನ ಷೇರ್ ಪರದೆಯಲ್ಲಂತೂ ತುಂಬಾ ಫೋನುಗಳು ಕ್ಯೂಆರ್ ಕೆಳಗೇ ಪಾಸ್‌ವರ್ಡ್ ಬರೆದು ತೋರಿಸುತ್ತವೆ. ಅಲ್ಲಿಗೇ ನಿಲ್ಲುವುದಿಲ್ಲ. ಪಡೆದವರು ತಮ್ಮ ಫೋನಿಂದ ಮತ್ತೊಬ್ಬರಿಗೆ ಅದೇ ರೀತಿ ಕೊಡಬಹುದು. ಐಫೋನಿನಲ್ಲೂ ಐಒಎಸ್ 16ರಿಂದ ಸೇವ್ ಆಗಿರುವ ವೈಫೈ ಪಾಸ್‌ವರ್ಡ್ ತೆರೆದು ನೋಡಬಹುದು. ಚುಕ್ಕಿ ಚುಕ್ಕಿಯಾಗಿ ಹೋಯಿತು, ಅವರಿಗೆ ಗೊತ್ತಾಗಿಲ್ಲ ಅಂದುಕೊಳ್ಳುವಂತಿಲ್ಲ.

ಹಾಗಂತ ಹೆದರಿ ಕೊಡದೇ ಇರುವುದಕ್ಕಾಗುತ್ತದಾ? ನಾನು ಮಾಡಿದ್ದು ರೌಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ ತೆರೆದದ್ದು. ರೌಟರಿನ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ ಅದರ ವಿಳಾಸ ಮತ್ತು ಲಾಗಿನ್ ಇರುತ್ತದೆ. ಹೆಚ್ಚಾಗಿ 192.168.1.1 ಅಥವಾ 192.168.0.1. ಬ್ರೌಸರ್‌ನಲ್ಲಿ ಅದನ್ನು ಹಾಕಿ, ಗೆಸ್ಟ್ ವೈಫೈಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಟ್ಟೆ. ಲಾಗಿನ್ ಪಾಸ್‌ವರ್ಡನ್ನೂ ಅವತ್ತೇ ಬದಲಾಯಿಸಿದೆ. ಈಗ ಅತಿಥಿಗಳ ಫೋನಿಗೆ ಇಂಟರ್ನೆಟ್ ಮಾತ್ರ ಸಿಗುತ್ತದೆ. ಗೇಟಿನ ಕ್ಯಾಮೆರಾ, ಪ್ರಿಂಟರ್, ಯಜಮಾನರ ಲ್ಯಾಪ್‌ಟಾಪ್ ಅವರಿಗೆ ಕಾಣುವುದಿಲ್ಲ. ದೊಡ್ಡ ಅನುಕೂಲ ಇನ್ನೊಂದಿದೆ. ಮನೆಯ ಪಾಸ್‌ವರ್ಡ್ ಬದಲಾಯಿಸಿದರೆ ಟಿವಿಯಿಂದ ಕ್ಯಾಮೆರಾವರೆಗೆ ಎಲ್ಲಕ್ಕೂ ಮತ್ತೆ ಹಾಕಬೇಕು, ಅದಕ್ಕೇ ಯಾರೂ ಬದಲಾಯಿಸುವುದಿಲ್ಲ. ಗೆಸ್ಟ್‌ನದನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ದೊಡ್ಡ ಗುಂಪು ಬಂದು ಹೋದ ಮೇಲೆ ನಾನು ತಪ್ಪದೇ ಬದಲಾಯಿಸುತ್ತೇನೆ.

"ಪಾಸ್‌ವರ್ಡೇ ಬೇಡ, ತೆರೆದಿಟ್ಟು ಬಿಡಿ, ಈ ಕಾಡಲ್ಲಿ ಯಾರು ಬರ್ತಾರೆ?" ಅಂತ ಹೇಳಿದವರೂ ಇದ್ದಾರೆ. ಅವರಿಗೆ ನಾನು 2008ರ ಮಾತು ಹೇಳುತ್ತೇನೆ. ಆ ವರ್ಷದ ಜುಲೈನಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಸ್ವಲ್ಪ ಮುಂಚೆ ಒಂದು ಬೆದರಿಕೆ ಇಮೇಲ್ ಬಂದಿತ್ತು. ಅದು ಹೊರಟದ್ದು ನವಿ ಮುಂಬೈನ ಒಂದು ಮನೆಯ ವೈಫೈ ಮೂಲಕ. ಬಾಡಿಗೆಗಿದ್ದವರು ವಿಚಾರಣೆ ಎದುರಿಸಬೇಕಾಯಿತು. ವೈಫೈನಲ್ಲಿ ಯಾರು ಏನು ಮಾಡಿದರೂ ಮೊದಲು ಹುಡುಕಿಕೊಂಡು ಬರುವುದು ಲೈನ್ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಕಾಡಾದರೇನು, ಊರಾದರೇನು?

ಕೋಣೆಗಳಲ್ಲಿ ಇಡಲು ಕ್ಯೂಆರ್ ಕಾರ್ಡ್ ಮಾಡಿಸಿದೆ. ಕ್ಯೂಆರ್ ಮಾಡಿಕೊಡುವ ವೆಬ್‌ಸೈಟುಗಳು ಬೇಕಾದಷ್ಟಿವೆ, ನಾನು ಅವುಗಳ ಹತ್ತಿರ ಹೋಗಲಿಲ್ಲ. ನಮ್ಮ ನೆಟ್‌ವರ್ಕ್ ಹೆಸರು, ಪಾಸ್‌ವರ್ಡ್ ಎರಡನ್ನೂ ಗುರುತಿಲ್ಲದವರ ಪುಟದಲ್ಲಿ ಯಾಕೆ ಬರೆಯಬೇಕು? ಯಜಮಾನರ ಫೋನನ್ನು ಗೆಸ್ಟ್ ನೆಟ್‌ವರ್ಕ್‌ಗೆ ಸೇರಿಸಿ, ಅದು ತೋರಿಸಿದ ಕ್ಯೂಆರ್‌ನ ಸ್ಕ್ರೀನ್‌ಶಾಟ್ ತೆಗೆದು ನಮ್ಮ ಪ್ರಿಂಟರಿನಲ್ಲೇ ಹಾಕಿದೆ. ಫೋನೇ ಮಾಡಿದ ಕ್ಯೂಆರ್‌ಗೆ ಇನ್ನೊಂದು ಅನುಕೂಲ ಇದೆ. ಪಾಸ್‌ವರ್ಡ್‌ನಲ್ಲಿ ಸೆಮಿಕೋಲನ್, ಕೋಲನ್, ಅಲ್ಪವಿರಾಮ ಇದ್ದರೆ ಕ್ಯೂಆರ್ ಒಳಗೆ ಅದಕ್ಕಿಂತ ಮೊದಲು ಒಂದು ಗುರುತು ಹಾಕಬೇಕು, ಇಲ್ಲದಿದ್ದರೆ ಓದುವ ಫೋನ್ ಪಾಸ್‌ವರ್ಡ್ ಅಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತದೆ. ಫೋನ್ ಅದನ್ನು ತಾನೇ ನೋಡಿಕೊಳ್ಳುತ್ತದೆ. ನಾನಂತೂ ಗೆಸ್ಟ್ ಪಾಸ್‌ವರ್ಡ್‌ನಲ್ಲಿ ಅಕ್ಷರ, ಅಂಕಿ ಬಿಟ್ಟು ಬೇರೇನೂ ಇಡುವುದಿಲ್ಲ, ಉದ್ದ ಮಾತ್ರ ಜಾಸ್ತಿ ಇಡುತ್ತೇನೆ.

ಮಲೆನಾಡಿನ ಮಳೆಗಾಲ ಗೊತ್ತಲ್ವಾ, ಗೋಡೆಗೆ ತಗುಲಿಸಿದ್ದೆಲ್ಲ ಬೂಷ್ಟು ಹಿಡಿಯುತ್ತದೆ. ಒಂದು ಕಾರ್ಡಿನ ಮೂಲೆ ಕಪ್ಪಾಗಿ ಅರ್ಧ ಅಳಿಸಿದಂತಿತ್ತು, ಆದರೂ ಫೋನ್ ಹಿಡಿದ ಕೂಡಲೇ ಓದಿತು. 1994ರಲ್ಲಿ ಜಪಾನಿನ ಡೆನ್ಸೋ ವೇವ್‌ನವರು ಕಾರು ಬಿಡಿಭಾಗಗಳ ಲೆಕ್ಕಕ್ಕೆ ಈ ಕ್ಯೂಆರ್ ಮಾಡಿದರು. ಕಾರ್ಖಾನೆಯ ಎಣ್ಣೆ, ಕೊಳೆ ತಾಗಿದರೂ ಓದಬೇಕು ಅಂತ ಅದರೊಳಗೆ ತಿದ್ದಿಕೊಳ್ಳುವ ಲೆಕ್ಕವನ್ನೂ ಸೇರಿಸಿದ್ದಾರೆ. ಯಾವ ಮಟ್ಟ ಆರಿಸಿದ್ದೇವೆ ಅನ್ನುವುದರ ಮೇಲೆ ಶೇಕಡ 7ರಿಂದ 30ರವರೆಗೆ ಹಾಳಾದರೂ ಓದುತ್ತದೆ. ಮೂರು ಮೂಲೆಯ ದೊಡ್ಡ ಚೌಕಗಳಿಗೆ ಮಾತ್ರ ಏಟಾಗಬಾರದು. ಫೋನ್ ಕೋಡನ್ನು ಹುಡುಕುವುದೇ ಅವುಗಳಿಂದ. ಈಗ ಎಲ್ಲ ಕಾರ್ಡೂ ಲ್ಯಾಮಿನೇಟ್ ಆಗಿವೆ, ಇಟ್ಟಿರುವುದು ಮೇಜಿನ ಡ್ರಾಯರ್ ಒಳಗೆ. ಗೋಡೆಯಲ್ಲಿದ್ದಾಗ ಅತಿಥಿಗಳು ಕೋಣೆಯಲ್ಲಿ ತೆಗೆದು ಆನ್‌ಲೈನ್‌ನಲ್ಲಿ ಹಾಕಿದ ಫೋಟೋಗಳಲ್ಲಿ ಹಿಂದೆ ಕಾರ್ಡೂ ಕಾಣುತ್ತಿತ್ತು. ಅಂಥ ಒಂದು ಫೋಟೋ ದೊಡ್ಡದು ಮಾಡಿ ಸ್ಕ್ಯಾನ್ ಮಾಡಿದೆ, ಸಲೀಸಾಗಿ ಓದಿತು.

ರೌಟರಿನ ಹಿಂದೆ ಇರುವ ಡಬ್ಲ್ಯೂಪಿಎಸ್ ಬಟನ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಒತ್ತಿದರೆ ಪಾಸ್‌ವರ್ಡ್ ಇಲ್ಲದೆ ಸೇರಬಹುದಲ್ಲ ಅಂತ. ನಾನು ಅದನ್ನು ಪೂರ್ತಿ ಆಫ್ ಮಾಡಿದ್ದೇನೆ. ಡಬ್ಲ್ಯೂಪಿಎಸ್‌ನಲ್ಲಿ ಬಟನ್ ಅಲ್ಲದೆ ಎಂಟಂಕಿಯ ಪಿನ್ ಹಾಕಿ ಸೇರುವ ವಿಧಾನವೂ ಇದೆ, ಅದರ ಹುಳುಕು 2011ರಲ್ಲೇ ಹೊರಬಿತ್ತು. ರೌಟರ್ ಪಿನ್ನನ್ನು ಎರಡು ಭಾಗವಾಗಿ ನೋಡುವುದರಿಂದ ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಸಿಕ್ಕಿಬಿಡುತ್ತದೆ. ಐಫೋನಿನಲ್ಲಿ ಡಬ್ಲ್ಯೂಪಿಎಸ್ ಇಲ್ಲವೇ ಇಲ್ಲ. ಆಂಡ್ರಾಯ್ಡ್ ಕೂಡ 9ನೇ ಆವೃತ್ತಿಯಲ್ಲಿ ಕೈಬಿಟ್ಟಿತು.

ಇನ್ನೊಂದು ಹಳೆಯ ಪ್ರಯೋಗ ನೆನಪಿಗೆ ಬರುತ್ತದೆ. ಮೈಕ್ರೋಸಾಫ್ಟ್ 2015ರಲ್ಲಿ ವಿಂಡೋಸ್ 10ರ ಜೊತೆ ವೈಫೈ ಸೆನ್ಸ್ ಅಂತ ಕೊಟ್ಟಿತ್ತು. ಒಮ್ಮೆ ಒಪ್ಪಿಗೆ ಕೊಟ್ಟರೆ ನಾವು ಆರಿಸಿದ ನೆಟ್‌ವರ್ಕ್ ನಮ್ಮ ಔಟ್‌ಲುಕ್, ಸ್ಕೈಪ್, ಫೇಸ್‌ಬುಕ್ ಗೆಳೆಯರಿಗೆಲ್ಲ ಸಿಗುತ್ತಿತ್ತು. ಜನಕ್ಕೆ ಅದು ಹಿಡಿಸಲಿಲ್ಲ, ಮರುವರ್ಷವೇ ಆ ಹಂಚಿಕೆ ತೆಗೆದರು. ಫೇಸ್‌ಬುಕ್ಕಿನಲ್ಲಿ ಇದ್ದವರೆಲ್ಲ ನಮ್ಮ ಮನೆಗೆ ಬರುವವರಲ್ಲ. ಎದುರಿಗೆ ನಿಂತವರನ್ನು ನೋಡಿ, ಪ್ರತಿ ಸಲ ನಮ್ಮ ಬೆರಳಿಂದಲೇ ಒತ್ತಿ ಕೊಡುವ ಈಗಿನ ಪದ್ಧತಿ ನನಗೆ ಇಷ್ಟವಾಗುವುದು ಇದಕ್ಕೇ.

ಅತಿಥಿಗಳಷ್ಟೇ ಅಲ್ಲ, ತೋಟದ ಕೆಲಸದವರ ಲೈನ್ ಮನೆಯ ಮಕ್ಕಳೂ ಈ ವೈಫೈಗೆ ಬರುತ್ತಾರೆ. ಸ್ಕಾಲರ್‌ಶಿಪ್ ಅರ್ಜಿಯ ಕಾಲ ಬಂತೆಂದರೆ ಸಂಜೆ ಜಗಲಿಯಲ್ಲಿ ನಾಲ್ಕಾರು ಜನ ಇರುತ್ತಾರೆ. "ಅಕ್ಕಾ, ನಂಗೂ ಒಂಚೂರು ವೈಫೈ ಹಾಕ್ಕೊಡಿ" ಅಂತ ಪಿಯುಸಿ ಓದುವ ಹುಡುಗಿ ತನ್ನ ಅಪ್ಪನ ಹಳೆಯ ಫೋನ್ ತಂದಳು. ಕ್ಯೂಆರ್ ಸರಿಯಾಗಿಯೇ ಓದಿತು, ಆದರೆ ಕನೆಕ್ಟ್ ಆಗಲಿಲ್ಲ. ಹುಡುಕಿದರೆ ಗೆಸ್ಟ್ ನೆಟ್‌ವರ್ಕ್ ಡಬ್ಲ್ಯೂಪಿಎ3 ಅನ್ನುವ ಹೊಸ ಬಗೆಯ ವೈಫೈ ಭದ್ರತೆಯಲ್ಲಿ ಮಾತ್ರ ಇತ್ತು. ಆಂಡ್ರಾಯ್ಡ್‌ಗೆ ಅದು ಬಂದದ್ದು 10ನೇ ಆವೃತ್ತಿಯಲ್ಲಿ, ಅವಳ ಅಪ್ಪನ ಫೋನ್ ಅದಕ್ಕಿಂತ ಹಳೆಯದು. ಡಬ್ಲ್ಯೂಪಿಎ2 ಮತ್ತು 3 ಎರಡನ್ನೂ ಒಪ್ಪುವಂತೆ ರೌಟರಿನಲ್ಲಿ ಬದಲಾಯಿಸಿದೆ. ವೈಫೈ 2.4 ಮತ್ತು 5 ಗಿಗಾಹರ್ಟ್ಸ್ ಅನ್ನುವ ಎರಡು ತರಂಗಗಳಲ್ಲಿ ಬರುತ್ತದೆ, ಕೆಲವು ಹಳೆಯ ಫೋನಿಗೆ 5 ಗಿಗಾಹರ್ಟ್ಸ್ ಕಾಣುವುದೂ ಇಲ್ಲ. ಆದ್ದರಿಂದ ಗೆಸ್ಟ್ ವೈಫೈ 2.4ರಲ್ಲೂ ಇರಲೇಬೇಕು. ಆ ಸಂಜೆಯೇ ಅವಳ ಅರ್ಜಿ ಹೋಯಿತು.

ಗೆಸ್ಟ್ ಪಾಸ್‌ವರ್ಡ್ ಬದಲಾಯಿಸಿದ ದಿನ ಮಾಡುವ ಕೆಲಸ ಇಷ್ಟು. ಯಜಮಾನರ ಫೋನಿನಲ್ಲಿ ಹಳೆಯ ನೆಟ್‌ವರ್ಕ್ ಫರ್ಗೆಟ್ ಮಾಡಿ, ಅಂದರೆ ಸೇವ್ ಆಗಿರುವುದನ್ನು ಅಳಿಸಿ, ಹೊಸ ಪಾಸ್‌ವರ್ಡ್ ಒಂದು ಸಲ ಟೈಪ್ ಮಾಡುತ್ತೇನೆ. ಹೊಸ ಕ್ಯೂಆರ್ ತೆಗೆದು, ಹಳೆಯ ಕಾರ್ಡುಗಳನ್ನು ಹರಿದು, ಹೊಸದನ್ನು ಡ್ರಾಯರ್‌ಗಳಿಗೆ ಹಾಕುತ್ತೇನೆ. ಮತ್ತೆ ಬಂದ ಹಳೆಯ ಅತಿಥಿಗಳ ಫೋನ್ ಹಳೆಯ ಪಾಸ್‌ವರ್ಡನ್ನೇ ಹಿಡಿದುಕೊಂಡು ಒದ್ದಾಡುತ್ತಿದ್ದರೆ ಅವರಿಗೂ ಅದೇ ಉಪಾಯ. ಮೊದಲು ಫರ್ಗೆಟ್, ಆಮೇಲೆ ಸ್ಕ್ಯಾನ್.