ಬಾಯಿ ಸೊಟ್ಟಗಾಗಿ ವರ್ಷವಾದ ಮೇಲೆ ಅಕ್ಯುಪಂಕ್ಚರ್: ಎಲ್ಲಿ ಚುಚ್ಚಬೇಕು, ಎಲ್ಲಿ ಬಿಡಬೇಕು

ಬೆಲ್ಸ್ ಪಾಲ್ಸಿ, ಅಂದರೆ ಮುಖದ ಒಂದು ಕಡೆಯ ನರ ಸೋತು ಬಾಯಿ ಸೊಟ್ಟಗಾಗುವ ಕಾಯಿಲೆ, ಬಂದವರಲ್ಲಿ ಹೆಚ್ಚಿನವರ ಮುಖ ಆರು ತಿಂಗಳೊಳಗೆ ಸರಿಹೋಗುತ್ತದೆ. ಉಳಿದವರ ಪಾಡು ಬೇರೆ: ನಕ್ಕರೆ ಕಣ್ಣು ಮುಚ್ಚಿಕೊಳ್ಳುತ್ತದೆ, ಊಟಕ್ಕೆ ಕೂತರೆ ಒಂದೇ ಕಣ್ಣಲ್ಲಿ ನೀರು, ಕೆನ್ನೆ ಹಗ್ಗ ಹಾಕಿ ಎಳೆದಂತೆ. ಮುಖದ ಸ್ನಾಯುಗಳನ್ನು ಆಡಿಸುವ ಏಳನೇ ಕಪಾಲ ನರದ ಎಳೆಗಳು ದಿನಕ್ಕೆ ಸುಮಾರು 1 ಮಿ.ಮೀ. ಲೆಕ್ಕದಲ್ಲಿ ಮತ್ತೆ ಬೆಳೆಯುವಾಗ ದಾರಿ ತಪ್ಪಿ, ತುಟಿಗೆ ಹೋಗಬೇಕಾದವು ರೆಪ್ಪೆಗೆ ಸೇರಿಕೊಂಡಿರುತ್ತವೆ. ಅಕ್ಯುಪಂಕ್ಚರ್ ಸೂಜಿ ಆ ದಾರಿಯನ್ನು ಬದಲಿಸಲಾರದು. ಬಿಗಿ ಸಡಿಲಿಸಬಹುದು, ಅಷ್ಟೆ.

ಮೊದಲು ಕನ್ನಡಿ. ಕಿಟಕಿಗೆ ಎದುರಾಗಿ ಕೂತು ಮುಖ ಸುಮ್ಮನೆ ಬಿಡಿ. ಮೂಗಿನ ಬದಿಯಿಂದ ಬಾಯಿಯ ತುದಿಗೆ ಇಳಿಯುವ ಗೆರೆ ಕಾಯಿಲೆಯ ಕಡೆ ಅಳಿಸಿಹೋಗಿ ಕೆನ್ನೆ ಜೋತಿದ್ದರೆ ಸಡಿಲ ಮುಖ. ಅದೇ ಗೆರೆ ಆಳವಾಗಿ, ಕಣ್ಣು ಕಿರಿದಾಗಿದ್ದರೆ ಬಿಗಿ ಮುಖ. ಬಿಗಿ ಮುಖದಲ್ಲಿ ಚೆನ್ನಾಗಿರುವ ಕಡೆಯೇ ಜೋತಂತೆ ಕಾಣುತ್ತದೆ. ವೈದ್ಯರ ಹಳೆಯ ಚೀಟಿ ನೋಡದೆ ಸರಿಯಿದ್ದ ಕೆನ್ನೆಯನ್ನೇ ಕಾಯಿಲೆಯದೆಂದು ತಿಳಿಯುವ ಎಡವಟ್ಟು ಆಗುವುದು ಇಲ್ಲೇ. ಆಮೇಲೆ ಕಣ್ಣು ಮೆಲ್ಲಗೆ ಮುಚ್ಚಿ, ಹುಬ್ಬು ಎತ್ತಿ, ನಗಿ, ತುಟಿ ಚಾಚಿ. ಯಾವುದರ ಜೊತೆ ಯಾವುದು ಎಳೆಯುತ್ತದೆಂದು ಬರೆದಿಡಿ. ಮೊಬೈಲಿನಲ್ಲಿ ವಿಡಿಯೊ ಮಾಡಿ. ಅದೇ ಕಿಟಕಿ, ಅದೇ ಹೊತ್ತು, ನಾಲ್ಕು ವಾರಕ್ಕೊಮ್ಮೆ.

ನಾಲ್ಕು ತಿಂಗಳಾದರೂ ಚೂರೂ ಚಲನೆ ಬಂದಿಲ್ಲವೆಂದರೆ, ಅಥವಾ ಸೊಟ್ಟ ದಿನೇ ದಿನೇ ಹೆಚ್ಚುತ್ತಿದ್ದರೆ ಸೂಜಿಗೆ ಮೊದಲು ಎಂಆರ್‌ಐ ಆಗಲಿ, ಗಡ್ಡೆ ಇರಬಹುದು. ಹೊಸದಾಗಿ ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಅದು ಮಿದುಳಿನ ಲಕ್ವ (ಸ್ಟ್ರೋಕ್). ಹಾಸನದವರು ನೇರ ಹಿಮ್ಸ್‌ನ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ತುರ್ತು ವಿಭಾಗಕ್ಕೆ ಹೋಗಿ.

ಇನ್ನು ಸೂಜಿ. ಒಂದೇ ಸಲ ಬಳಸಿ ಬಿಸಾಡುವಂಥದ್ದಿರಬೇಕು, ಪೊಟ್ಟಣ ನಿಮ್ಮೆದುರೇ ಒಡೆಯಬೇಕು. ಮುಖಕ್ಕೆ 0.20 ಮಿ.ಮೀ. ದಪ್ಪ, 15ರಿಂದ 25 ಮಿ.ಮೀ. ಉದ್ದ ಸಾಕು. ಸಡಿಲ ಮುಖಕ್ಕೆ ಸಾಮಾನ್ಯವಾಗಿ ಆರಿಸುವ ಜಾಗಗಳು (ಹೆಸರುಗಳು ಚೀನೀ): ಬಾಯಿಯ ತುದಿಯಿಂದ ತುಸು ಹೊರಗೆ ದಿಚಾಂಗ್, ಹಲ್ಲು ಕಚ್ಚಿದಾಗ ದವಡೆಯಲ್ಲಿ ಉಬ್ಬುವಲ್ಲಿ ಜಿಯಾಚೆ, ಕಾಯಿಲೆಯ ಕಡೆಯ ಹುಬ್ಬಿನ ಮಧ್ಯದಿಂದ ಒಂದು ಹೆಬ್ಬೆರಳಗಲ ಮೇಲೆ ಯಾಂಗ್‌ಬಾಯ್, ಕಿವಿಹಾಲೆಯ ಹಿಂದಿನ ಗುಳಿಯಲ್ಲಿ ಯಿಫೆಂಗ್. ಕೈಯಲ್ಲಿ ಹೆಬ್ಬೆರಳು, ತೋರುಬೆರಳ ನಡುವೆ ಹೆಗು. ಗರ್ಭಿಣಿಯರಿಗೆ ಇದನ್ನು ಚುಚ್ಚುವುದಿಲ್ಲ. ಕಣ್ಣಿನ ಕೆಳಗಿನ ಸಿಬಾಯ್‌ನಲ್ಲಿ ಸೂಜಿ ಆಳಕ್ಕಿಳಿದರೆ ಕಣ್ಣಿನ ಗೂಡಿಗೇ ಹೋಗಬಹುದು, ನುರಿತ ಕೈ ಇಲ್ಲದಿದ್ದರೆ ಬಿಟ್ಟುಬಿಡುವುದೇ ಮೇಲು. ಬಿಗಿ ಮುಖಕ್ಕೆ ಕಾಯಿಲೆಯ ಕಡೆ ಎರಡು ಮೂರು ಸೂಜಿ, ಮೇಲುಮೇಲೆ, ತಿರುಚದೆ. ಮಿಕ್ಕದ್ದು ಕೈಕಾಲಿಗೆ, ಎದುರು ಕೆನ್ನೆಗೆ. ಇಪ್ಪತ್ತರಿಂದ ಮೂವತ್ತು ನಿಮಿಷ, ವಾರಕ್ಕೆರಡು ಸಲ.

ಚುಚ್ಚಿದ ಸೂಜಿಗೆ ಬ್ಯಾಟರಿ ಯಂತ್ರದಿಂದ ಕರೆಂಟು ಕೊಡುವುದು ನೋಡುವುದಕ್ಕೆ ಚೆನ್ನ, ಕೆನ್ನೆ ಕುಣಿಯುತ್ತದೆ. ಆದರೆ ನಗುವಿಗೆ ಕಣ್ಣು ಮುಚ್ಚುವವರಲ್ಲಿ ಅದು ಬೇಡವಾದ ಜೋಡಿ ಎಳೆತವನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡಿಸಿದಂತೆ. ಅಂಥವರು ಬೇಡವೆನ್ನಿ. ಪೇಸ್‌ಮೇಕರ್ ಇದ್ದವರಿಗಂತೂ ಕೂಡದು.

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಲೆ ಸುತ್ತುತ್ತದೆ, ಮಲಗಿಯೇ ಚುಚ್ಚಿಸಿಕೊಳ್ಳಿ. ರಕ್ತ ತೆಳುಮಾಡುವ ಮಾತ್ರೆ, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ. ಸೂಜಿ ತೆಗೆದ ಮೇಲೆ ಒಣ ಹತ್ತಿಯಿಂದ ಎರಡು ನಿಮಿಷ ಒತ್ತಿದರೆ ನೀಲಿಗಟ್ಟುವುದು ಕಡಿಮೆ. ಮೂಡಿಗೆರೆ, ಸಕಲೇಶಪುರದ ಕಡೆಯಿಂದ ಬೈಕಿನಲ್ಲಿ ಬರುವವರು ಹೆಲ್ಮೆಟ್ಟಿನ ಗಾಜು ಇಳಿಸಿಯೇ ಓಡಿಸಿ. ತಂಗಾಳಿಯಿಂದ ನರ ಮತ್ತೆ ಹೋಗುತ್ತದೆಂಬ ಭಯಕ್ಕಲ್ಲ, ಪೂರ್ತಿ ಮುಚ್ಚದ ಕಣ್ಣು ಒಣಗಿ ಕರಿಗುಡ್ಡೆಗೆ ಗಾಯವಾಗುತ್ತದೆಂದು. ಕಣ್ಣಿಗೆ ಹಗಲು ಡ್ರಾಪ್ಸ್, ರಾತ್ರಿ ಮುಲಾಮು.

ಬಲೂನು ಊದು, ಚ್ಯೂಯಿಂಗ್ ಗಮ್ ಅಗಿ ಎಂದು ಊರೆಲ್ಲ ಹೇಳುತ್ತದೆ. ಬಿಗಿ ಮುಖಕ್ಕೆ ಎರಡೂ ಕೆಟ್ಟದ್ದು. ಬದಲಿಗೆ, ಸೂಜಿಯಾದ ಅರ್ಧ ಗಂಟೆಯೊಳಗೆ, ಕೆನ್ನೆ ಸಡಿಲವಿರುವಾಗ, ತೊಳೆದ ಹೆಬ್ಬೆರಳನ್ನು ಬಾಯೊಳಗಿಟ್ಟು ಕೆನ್ನೆಯನ್ನು ಹೊರಕ್ಕೆ ಮೆಲ್ಲಗೆ ಹಿಗ್ಗಿಸಿ, ಅರ್ಧ ನಿಮಿಷ ಹಿಡಿಯಿರಿ. ನಂತರ ಕನ್ನಡಿ ನೋಡುತ್ತ ಸಣ್ಣ ನಗು. ಕಣ್ಣು ಕಿರಿದಾಗತೊಡಗಿದ ಕ್ಷಣವೇ ನಿಲ್ಲಿಸಿ, ಮತ್ತೆ ಅದಕ್ಕಿಂತ ಚಿಕ್ಕದಾಗಿ. ದಿನಕ್ಕೆರಡು ಸಲ, ಐದರಿಂದ ಹತ್ತು ನಿಮಿಷ. ಊಟದಲ್ಲಿ ಮುದ್ದೆ ಉಣ್ಣುವವರಿಗೆ ತೊಂದರೆಯಿಲ್ಲ, ನುಂಗಿದರಾಯಿತು. ಅಕ್ಕಿ ರೊಟ್ಟಿಯ ಚೂರು ಕೆನ್ನೆಸಂದಿಯಲ್ಲಿ ಕೂತಿರುತ್ತದೆ, ಮುಕ್ಕಳಿಸಿ ತೆಗೆಯಿರಿ.

ಉಳಿದ ತೊಂದರೆಗೆ ಸೂಜಿ ಎಷ್ಟು ಕೆಲಸ ಮಾಡುತ್ತದೆಂಬುದಕ್ಕೆ ಆಧಾರ ತೆಳುವಾಗಿದೆ. 2015ರಲ್ಲಿ ಪ್ರಕಟವಾದ ಕೊರಿಯಾದ ಪ್ರಯೋಗದಲ್ಲಿ, 8 ವಾರ ಚುಚ್ಚಿಸಿಕೊಂಡವರು, ಚಿಕಿತ್ಸೆ ಇಲ್ಲದೆ ಸರದಿಗೆ ಕಾಯುತ್ತಿದ್ದವರಿಗಿಂತ ಸುಧಾರಿಸಿದ್ದರು, ಆದರೆ ಇದ್ದವರು ಒಟ್ಟು 39 ಮಂದಿ. ಹಾಗಾಗಿ ಹನ್ನೆರಡು ಸಲವಾದ ಮೇಲೆ ವಿಡಿಯೊ ಹೋಲಿಸಿ. ವ್ಯತ್ಯಾಸವಿಲ್ಲದಿದ್ದರೆ ನಿಲ್ಲಿಸಿ, ನರರೋಗ ತಜ್ಞರ ಬಳಿ ಬೊಟಾಕ್ಸ್ (ಸ್ನಾಯು ಸಡಿಲಿಸುವ ಚುಚ್ಚುಮದ್ದು) ಬಗ್ಗೆ ಕೇಳಿ. ಜೋಡಿ ಎಳೆತಕ್ಕೆ ಅದರ ಗುಣ ಮೂರ್ನಾಲ್ಕು ತಿಂಗಳು ನಿಲ್ಲುತ್ತದೆ. ಅದು ಹಾಕಿಸಿದ ಎರಡು ವಾರ ಆ ಜಾಗಕ್ಕೆ ಸೂಜಿಯೂ ಬೇಡ, ತಿಕ್ಕುವುದೂ ಬೇಡ.